ಗಂಟಲ ಕಹಳೆ: ಸ್ವರ ಹುಟ್ಟುವ ಜಾಗ ಹುಡುಕಿ, ಅದನ್ನು ಕೆಡಿಸದೆ ಬಳಸುವ ಬಗೆ

ಮಳೆಗಾಲದ ಒಂದು ಮಂಗಳವಾರ, ಮೂರನೇ ಪೀರಿಯಡ್ಡು. ಮೇಲೆ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವ ಸದ್ದು, ಕೆಳಗೆ ಅರವತ್ತೆರಡು ಮಕ್ಕಳು, ಇವೆರಡರ ನಡುವೆ ನಾನು ಷಟ್ಪದಿ ಓದುತ್ತಿದ್ದೆ. ನಾಲ್ಕನೇ ಸಾಲಿಗೆ ಬಂದಾಗ ಬಾಯಿ ಆಡಿತು, ಸ್ವರ ಬರಲಿಲ್ಲ. ಮೇಷ್ಟ್ರು ಏನೋ ಅಭಿನಯ ಮಾಡುತ್ತಿದ್ದಾರೆಂದು ಹಿಂದಿನ ಬೆಂಚಿನವರು ನಕ್ಕರು.

ಗಂಟಲು ಕಟ್ಟುವುದು ನನಗೆ ಹೊಸದಲ್ಲ. ಪ್ರತಿ ಜೂನಿನಲ್ಲೂ ಕಟ್ಟುತ್ತಿತ್ತು; ಕಲ್ಲುಸಕ್ಕರೆ, ಕಾಳುಮೆಣಸು ಬಾಯಲ್ಲಿಟ್ಟುಕೊಂಡರೆ ವಾರದೊಳಗೆ ಬಿಡುತ್ತಿತ್ತು. ಆ ಸಲ ಬಿಡಲಿಲ್ಲ. ಆರು ವಾರ ಕಳೆದ ಮೇಲೆ ಕಿವಿ-ಮೂಗು-ಗಂಟಲು ವೈದ್ಯರ ಎದುರು ಕೂತೆ. ಅವರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಸ್ವರ ಎಲ್ಲಿಂದ ಬರುತ್ತೆ, ತೋರಿಸಿ ನೋಡೋಣ." ನಾನು ಬಾಯಿ ತೆರೆದು ಕಿರುನಾಲಿಗೆಯ ಕಡೆ ಬೆರಳು ಮಾಡಿದೆ. ಹದಿನೆಂಟು ವರ್ಷ ವರ್ಣಮಾಲೆ ಪಾಠ ಮಾಡಿದ ಮನುಷ್ಯ!

ಆಮೇಲೆ ಕಲಿತದ್ದನ್ನು ಕಲಿತ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಮೇಷ್ಟ್ರುಗಳಿಗಷ್ಟೇ ಅಲ್ಲ, ಬಸ್ಸಿನಲ್ಲಿ ಊರಿನ ಹೆಸರು ಕೂಗುವವರಿಗೆ, ಹಾಡುವವರಿಗೆ, ದಿನವಿಡೀ ಫೋನಿನಲ್ಲಿ ಮಾತಾಡುವವರಿಗೆ, ಎರಡು ಚಿಳ್ಳೆಮಿಳ್ಳೆ ಮಕ್ಕಳನ್ನು ಸಾಕುತ್ತಿರುವವರಿಗೂ ಇದು ಹೊಂದುತ್ತದೆ. ಓದುವಾಗ ಒಂದು ಕೈ ಬಿಡುವಾಗಿರಲಿ, ಬೆರಳಿಗೆ ಕೆಲಸವಿದೆ. ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಸ್ಟ್ರಾ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಜಾಗ ಹುಡುಕಿ

ಕತ್ತಿನ ನಡುವೆ ಮುಂದುಗಡೆ ತೋರುಬೆರಳಿಟ್ಟು ಗದ್ದದಿಂದ ಕೆಳಕ್ಕೆ ಜಾರಿಸುತ್ತ ಬನ್ನಿ. ಒಂದು ಗಟ್ಟಿ ಏಣು ಸಿಗುತ್ತದೆ, ಅದರ ಮೇಲ್ತುದಿಯಲ್ಲಿ ಪುಟ್ಟ ಕಚ್ಚು. ಗಂಡಸರಲ್ಲಿ ಎದ್ದು ಕಾಣುತ್ತದೆ, ಹೆಂಗಸರಲ್ಲಿ ಬೆರಳಿಗಷ್ಟೇ ಗೊತ್ತಾಗುತ್ತದೆ. ಒಮ್ಮೆ ಉಗುಳು ನುಂಗಿ. ಏಣು ಮೇಲಕ್ಕೆ ಹಾರಿ ಕೆಳಗೆ ಬಂತಲ್ಲ? ಅದೇ ಧ್ವನಿಪೆಟ್ಟಿಗೆ. ಈ ಏಣಿನ ಹಿಂದೆ, ಉಸಿರುನಾಳದ ನೆತ್ತಿಯ ಮೇಲೆ, ಎರಡು ಧ್ವನಿತಂತುಗಳು ಅಡ್ಡಡ್ಡ ಮಲಗಿವೆ. ಮುಂದಿನ ತುದಿಗಳು ಏಣಿನ ಒಳಗೋಡೆಗೆ ಒಟ್ಟಿಗೆ ಅಂಟಿಕೊಂಡಿವೆ. ಹಿಂದಿನ ತುದಿಗಳು ಎರಡು ಪುಟ್ಟ ಮೃದ್ವಸ್ಥಿಗಳ ಮೇಲಿವೆ. ಆ ಮೃದ್ವಸ್ಥಿಗಳು ತಿರುಗಿದರೆ ತಂತುಗಳು ಬಾಗಿಲಿನಂತೆ ತೆರೆಯುತ್ತವೆ, ಮುಚ್ಚುತ್ತವೆ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ವಿ ಅಕ್ಷರದ ಆಕಾರ.

ಉದ್ದ ಎಷ್ಟು? ಗಂಡಸಿನಲ್ಲಿ ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸಿನಲ್ಲಿ 12ರಿಂದ 17. ಅಂದರೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು. ಬೇಂದ್ರೆ ಪದ್ಯ ಓದಿದ್ದು, ಮಗನನ್ನು ಬೈದದ್ದು, ತರಕಾರಿಯವನ ಹತ್ತಿರ ಚೌಕಾಸಿ ಮಾಡಿದ್ದು ಎಲ್ಲ ಇಷ್ಟರಲ್ಲೇ.

ಬಾಯಿ ತೆರೆದು ಕನ್ನಡಿ ಹಿಡಿದರೆ ಇವು ಕಾಣುವುದಿಲ್ಲ. ಕಾಣುವುದು ಕಿರುನಾಲಿಗೆ, ಅದಕ್ಕೂ ಸ್ವರ ಹುಟ್ಟುವುದಕ್ಕೂ ಸಂಬಂಧವಿಲ್ಲ. "ಕಿರುನಾಲಿಗೆ ಬಿದ್ದಿದೆ, ಎತ್ತಿಸಿಕೋ" ಎಂದು ಅಜ್ಜಿ ಹೇಳಿದ್ದರೆ ಈ ಒಂದು ವಿಷಯದಲ್ಲಿ ಕೇಳಬೇಡಿ. ಬದುಕಿರುವ ಮನುಷ್ಯನ ಧ್ವನಿತಂತು ಕೆಲಸ ಮಾಡುವುದನ್ನು ಕಂಡು ಲೋಕಕ್ಕೆ ತಿಳಿಸಿದವನು ವೈದ್ಯನೂ ಅಲ್ಲ, ಸಂಗೀತದ ಮೇಷ್ಟ್ರು: ಸ್ಪೇನ್ ಮೂಲದ ಮ್ಯಾನುಯೆಲ್ ಗಾರ್ಸಿಯಾ. 1854ರಲ್ಲಿ ಪ್ಯಾರಿಸ್‌ನಲ್ಲಿ ಹಲ್ಲಿನ ವೈದ್ಯರ ಉದ್ದ ಹಿಡಿಯ ಕನ್ನಡಿಯನ್ನು ಗಂಟಲಿಗಿಟ್ಟು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ ತನ್ನದೇ ತಂತುಗಳನ್ನು ನೋಡಿಕೊಂಡ. ನೂರೊಂದು ವರ್ಷ ಬದುಕಿದ ಕೂಡ.

ಈಗ ಬೆರಳಲ್ಲಿ ಕೇಳಿ

ಬೆರಳನ್ನು ಅಲ್ಲೇ ಇಟ್ಟು ಹಾವು ಬುಸುಗುಟ್ಟಿದ ಹಾಗೆ ಉದ್ದಕ್ಕೆ "ಸ್‌ಸ್‌ಸ್" ಎನ್ನಿ. ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ನಾಲಿಗೆ ಅಲ್ಲೇ ಇರಲಿ, ಈಗ ದುಂಬಿ ಹಾರಿದ ಹಾಗೆ "ಜ್‌ಜ್‌ಜ್" ಎನ್ನಿ. ಬೆರಳ ತುದಿ ಜುಮುಗುಟ್ಟುತ್ತದೆ. ಬಾಯಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಎರಡನೆಯದರಲ್ಲಿ ತಂತುಗಳು ಸೇರಿ ಅದುರಿದವು, ಅಷ್ಟೇ ವ್ಯತ್ಯಾಸ.

ಬೆರಳಿಗೆ ಅನುಮಾನವಿದ್ದರೆ ಎರಡೂ ಕಿವಿ ಮುಚ್ಚಿಕೊಂಡು ಮತ್ತೆ ಮಾಡಿ. ತಲೆಯೊಳಗೆ ಮಿಕ್ಸಿ ತಿರುಗಿದ ಹಾಗೆ ಕೇಳುತ್ತದೆ. ಕ ಮತ್ತು ಗ, ತ ಮತ್ತು ದ, ಪ ಮತ್ತು ಬ ಎಲ್ಲ ಇದೇ ಲೆಕ್ಕ. ವ್ಯಾಕರಣದಲ್ಲಿ ಅಘೋಷ, ಘೋಷ ಎಂದು ಉರು ಹೊಡೆಸುತ್ತೇವಲ್ಲ, ಅದರ ಅರ್ಥ ಇಷ್ಟೇ: ಮೊದಲನೆಯದರಲ್ಲಿ ಬಾಗಿಲು ತೆರೆದಿದೆ, ಎರಡನೆಯದರಲ್ಲಿ ಮುಚ್ಚಿ ನಡುಗುತ್ತಿದೆ. ನಾನೀಗ ಎಂಟನೇ ತರಗತಿಗೆ ವರ್ಗೀಯ ವ್ಯಂಜನ ಹೇಳಿಕೊಡುವುದು ಬೆರಳಿಂದಲೇ. ಅರವತ್ತು ಮಕ್ಕಳು ಒಟ್ಟಿಗೆ ಗಂಟಲು ಹಿಡಿದುಕೊಂಡು ಕೂತಾಗ ಹೊರಗಿನವರು ಇಣುಕಿದರೆ ಗಾಬರಿಯಾಗುತ್ತಾರೆ.

ಇನ್ನೊಂದು ಪರೀಕ್ಷೆ. ಅಂಬೆಗಾಲಿಡುವ ಮಗು ಬಿಸಿ ಪಾತ್ರೆಗೆ ಕೈ ಹಾಕಲು ಹೊರಟಾಗ "ಅ! ಅ!" ಎಂದು ತಡೆಯುತ್ತೇವಲ್ಲ, ಹಾಗೆ ಅನ್ನಿ. ಎರಡು ಅಕಾರಗಳ ನಡುವೆ ಗಂಟಲೊಳಗೆ ಏನೋ ಟಕ್ಕನೆ ಮುಚ್ಚಿಕೊಂಡಿತು. ತುಂಬಿದ ಗ್ಯಾಸ್ ಸಿಲಿಂಡರ್ ಎತ್ತುವಾಗ ಉಸಿರು ಬಿಗಿಹಿಡಿಯುತ್ತೇವೆ, ಆಗಲೂ ಅದೇ ಮುಚ್ಚುತ್ತದೆ. ನಿಜ ಹೇಳಬೇಕೆಂದರೆ ಈ ತಂತುಗಳ ಹುಟ್ಟುಕೆಲಸ ಮಾತಲ್ಲ, ಕಾವಲು. ಅನ್ನ ನೀರು ಶ್ವಾಸಕೋಶಕ್ಕೆ ಇಳಿಯದಂತೆ ಬಾಗಿಲು ಹಾಕುವುದು. ಒಂದು ಗುಟುಕು ದಾರಿ ತಪ್ಪಿ ಅತ್ತ ಹೋದರೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ನಾವು "ನೆತ್ತಿಗೇರಿತು" ಎಂದು ತಲೆ ತಟ್ಟಿ, "ಯಾರೋ ನೆನೆಸಿಕೊಳ್ತಿದ್ದಾರೆ" ಎನ್ನುತ್ತೇವೆ. ನೆತ್ತಿಗೇರಿದ್ದೂ ಇಲ್ಲ, ನೆನೆಸಿಕೊಂಡದ್ದೂ ಇಲ್ಲ, ಕಾವಲುಗಾರ ಕಿರುಚಿದ್ದು. ಈ ನೆತ್ತಿಯ ವಿಷಯ ನೆನಪಿಟ್ಟುಕೊಂಡಿರಿ, ನೀರಿನ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ತಂತಿ ಎಂಬ ಮಾತನ್ನು ಮರೆಯಿರಿ

ನನ್ನ ಗಂಟಲು ಹಾಳಾದದ್ದಕ್ಕೆ ಅರ್ಧ ಕಾರಣ ಈ 'ತಂತು' ಎಂಬ ಶಬ್ದವೇ ಎನ್ನುವುದು ನನ್ನ ಗುಮಾನಿ. ತಂತಿ ಅಂದ ಕೂಡಲೇ ವೀಣೆ ಕಣ್ಣಿಗೆ ಬರುತ್ತದೆ; ಜೋರಾಗಿ ಮೀಟಿದರೆ ಜೋರು ನಾದ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಈ ಹೆಸರಿಟ್ಟದ್ದು ಫ್ರಾನ್ಸಿನ ಅಂಗರಚನಾ ಶಾಸ್ತ್ರಜ್ಞ ಆಂತ್ವಾನ್ ಫೆರೀನ್, 1741ರಲ್ಲಿ. ಅವನಿಗೆ ಅವು ಪಿಟೀಲಿನ ಜಾತಿಯ ವಾದ್ಯದ ತಂತಿಗಳಂತೆ, ಗಾಳಿ ಕಮಾನಿನಂತೆ ಕಂಡಿತು. ಹೆಸರು ಉಳಿಯಿತು, ಹೋಲಿಕೆ ಬಿದ್ದುಹೋಯಿತು. ಅವು ನಿಜಕ್ಕೂ ಎರಡು ಮಡಿಕೆಗಳು: ಒಳಗೆ ಸ್ನಾಯು, ಅದರ ಮೇಲೆ ಲೋಳೆಯಂಥ ಮೆತ್ತನೆಯ ಪದರ, ಎಲ್ಲಕ್ಕೂ ಮೇಲೆ ತೆಳ್ಳನೆಯ ಒದ್ದೆ ಚರ್ಮ. ಮಾತಾಡುವಾಗ ಹೆಚ್ಚು ಕುಣಿಯುವುದು ಆ ಮೇಲಿನ ಮೆತ್ತನೆಯ ಹೊದಿಕೆ. ಕೆರೆಯ ಮೇಲೆ ಗಾಳಿ ಬೀಸಿದಾಗ ಅಲೆ ಓಡುತ್ತದಲ್ಲ, ಹಾಗೆ ಅದರ ಮೇಲೆ ಅಲೆ ಓಡುತ್ತದೆ.

ಇದಕ್ಕಿಂತ ಒಳ್ಳೆಯ ಹೋಲಿಕೆ ನಮ್ಮಲ್ಲೇ ಇತ್ತು. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಶಬ್ದ ಹುಟ್ಟುವುದನ್ನು ಹೇಳುವಾಗ ಹೊಕ್ಕುಳ ಬುಡದಿಂದ ಗಾಳಿ ಎದ್ದು, ಕಹಳೆಯ ಹಾಗೆ ಶಬ್ದ ಹೊಮ್ಮುತ್ತದೆ ಎನ್ನುತ್ತಾನೆ. ಶಬ್ದಕ್ಕೆ ಬಿಳಿ ಬಣ್ಣ ಎಂದೂ ಸೇರಿಸುತ್ತಾನೆ, ಅದು ಬಿಡಿ. ಆದರೆ ಕಹಳೆ! ಕಹಳೆಯಲ್ಲಿ ತಂತಿಯಿಲ್ಲ. ಊದುವವನ ತುಟಿಗಳೇ ಅದುರುತ್ತವೆ, ಉಸಿರು ಅವನ್ನು ಅದುರಿಸುತ್ತದೆ, ಕೊಳವೆ ಆ ಸದ್ದನ್ನು ದೊಡ್ಡದು ಮಾಡುತ್ತದೆ. ಗಂಟಲಲ್ಲಿ ನಡೆಯುವುದೂ ಇದೇ. ಕೇಶಿರಾಜನಿಗೆ ತಂತುಗಳ ವಿಷಯ ಗೊತ್ತಿರಲಿಕ್ಕಿಲ್ಲ. ಹೋಲಿಕೆ ಮಾತ್ರ ಫೆರೀನನದಕ್ಕಿಂತ ಹತ್ತಿರ ಬಿತ್ತು.

ಮಾಡಿ ನೋಡಿ. ಮಕ್ಕಳು ಬಸ್ಸಿನಾಟ ಆಡುವಾಗ "ಬುರ್‌ರ್‌ರ್" ಎಂದು ತುಟಿ ಅದುರಿಸುತ್ತಾರಲ್ಲ, ಹಾಗೆ ಮಾಡಿ. ತುಟಿಯನ್ನು ನೀವು ಒಂದೊಂದು ಸಲವೂ ಮುಚ್ಚಿ ತೆರೆಯುತ್ತಿಲ್ಲ. ಮೆತ್ತಗೆ ಸೇರಿಸಿಟ್ಟಿರಿ, ಉಳಿದದ್ದನ್ನು ಗಾಳಿ ಮಾಡಿತು. ಈಗ ತುಟಿಯನ್ನು ಬಿಗಿಯಾಗಿ ಒತ್ತಿ ಅದೇ ಪ್ರಯತ್ನ ಮಾಡಿ: ನಿಂತುಹೋಗುತ್ತದೆ, ಇಲ್ಲವೇ ಇನ್ನೂ ಜೋರಾಗಿ ಊದಬೇಕಾಗುತ್ತದೆ. ಗಂಟಲು ಬಿಗಿದು ಕೂಗುವ ಮೇಷ್ಟ್ರ ಕತೆಯೂ ಇದೇ.

ತಂತುಗಳು ಮುಚ್ಚಿದಾಗ ಕೆಳಗೆ ಉಸಿರಿನ ಒತ್ತಡ ಕಟ್ಟುತ್ತದೆ, ಮಡಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಸೀಳಿಕೊಂಡು ಒಂದು ಗುಕ್ಕು ಗಾಳಿ ಹೊರಬರುತ್ತದೆ. ಬಂದ ಕೂಡಲೇ ಒತ್ತಡ ಇಳಿಯುತ್ತದೆ, ಮಡಿಕೆಗಳು ತಮ್ಮ ರಬ್ಬರಿನಂಥ ಗುಣದಿಂದ ಮತ್ತೆ ಸೇರುತ್ತವೆ. ಮತ್ತೆ ಒತ್ತಡ, ಮತ್ತೆ ಗುಕ್ಕು. ಇದು ಗಂಡಸಿನಲ್ಲಿ ಸೆಕೆಂಡಿಗೆ 100ರಿಂದ 130 ಸಲ, ಹೆಂಗಸಿನಲ್ಲಿ ಸುಮಾರು 200 ಸಲ, ಹಸುಗೂಸಿನ ಅಳುವಿನಲ್ಲಿ 400ಕ್ಕೂ ಮೇಲೆ. ಪ್ರತಿ ಸಲಕ್ಕೂ ಮೆದುಳು ಒಂದೊಂದು ಆಜ್ಞೆ ಕಳಿಸುತ್ತದೆ ಎಂದು 1950ರ ಸುಮಾರಿಗೆ ಕೆಲವರು ವಾದಿಸಿದ್ದರು. ಹಾಗಲ್ಲ, ಸ್ನಾಯು ಹದವಾಗಿ ಸೇರಿಸಿಡುತ್ತದೆ, ಅದುರಿಸುವುದು ಗಾಳಿ ಎಂದು ನೆದರ್‌ಲ್ಯಾಂಡ್ಸಿನ ಯಾನ್‌ವಿಲೆಮ್ ವಾನ್ ಡೆನ್ ಬರ್ಗ್ 1958ರಲ್ಲಿ ಸ್ಪಷ್ಟಪಡಿಸಿದ.

ಒಂದು ಲೆಕ್ಕ ಹಾಕಿ. ಶಿಕ್ಷಕಿಯೊಬ್ಬರ ತಂತುಗಳು ದಿನಕ್ಕೆ ನಿವ್ವಳ ಒಂದು ಗಂಟೆ ಅದುರಿದರೂ, ಸೆಕೆಂಡಿಗೆ 200ರಂತೆ, 7,20,000 ಸಲ ಒಂದಕ್ಕೊಂದು ತಾಗುತ್ತವೆ. ಅಂಗೈಗಳನ್ನು ಮೆತ್ತಗೆ ತಟ್ಟುವುದಕ್ಕೂ ಬಿಗಿದು ತಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಏಳು ಲಕ್ಷದಿಂದ ಗುಣಿಸಿದರೆ ನನಗೆ ಆದದ್ದೇನೆಂದು ತಿಳಿಯುತ್ತದೆ. ಹೀಗೆ ಏಟು ಬಿದ್ದು ಬಿದ್ದು ತಂತುಗಳ ಮೇಲೆ ಏಳುವ ಗಂಟು ದೊಡ್ಡವರಲ್ಲಿ ಹೆಂಗಸರಿಗೇ ಹೆಚ್ಚು. ಸೆಕೆಂಡಿಗೆ ಬೀಳುವ ಏಟುಗಳ ಸಂಖ್ಯೆಯೂ ಅದಕ್ಕೊಂದು ಕಾರಣ.

ಎತ್ತರ ಎಲ್ಲಿಂದ, ಜೋರು ಎಲ್ಲಿಂದ

ಇವೆರಡನ್ನೂ ನಾವು ಒಂದೇ ಗಂಟು ಮಾಡುತ್ತೇವೆ. "ಸ್ವಲ್ಪ ಜೋರಾಗಿ" ಎಂದರೆ ಹತ್ತರಲ್ಲಿ ಒಂಬತ್ತು ಜನ ಸ್ವರವನ್ನು ಎತ್ತರಕ್ಕೂ ಏರಿಸುತ್ತಾರೆ.

ಎತ್ತರವನ್ನು ಬೆರಳಿನಿಂದ ಹಿಡಿಯಬಹುದು. ಏಣಿನ ಕೆಳಗೆ ಸಣ್ಣ ತಗ್ಗು ಇದೆ, ಅದರ ಕೆಳಗೆ ಇನ್ನೊಂದು ಗಟ್ಟಿ ಬಳೆ. ತಗ್ಗಿನಲ್ಲಿ ಬೆರಳಿಟ್ಟು, ಆಂಬುಲೆನ್ಸಿನ ಸೈರನ್ನಿನಂತೆ "ಊ" ಎಂದು ಕೆಳಗಿನಿಂದ ಮೇಲಕ್ಕೆ ಹೋಗಿ. ಏರುತ್ತ ಹೋದಂತೆ ತಗ್ಗು ಕಿರಿದಾಗುತ್ತದೆ. ಮುಂದೆ ಎರಡು ಮೃದ್ವಸ್ಥಿಗಳು ಹತ್ತಿರ ಬಂದರೆ ಒಳಗೆ ಮಡಿಕೆಗಳು ಉದ್ದಕ್ಕೆ ಎಳೆದುಕೊಂಡು ತೆಳ್ಳಗಾಗುತ್ತವೆ, ಬೇಗ ಬೇಗ ಅದುರುತ್ತವೆ. ಯಕ್ಷಗಾನದ ಭಾಗವತರು ಕಪ್ಪು ಮೂರರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೂರನೇ ಕಪ್ಪು ಮನೆಯ ಎತ್ತರದ ಶ್ರುತಿಯಲ್ಲಿ, ಹಾಡುತ್ತಾರೆಂದರೆ ಬೆಳಗಿನವರೆಗೆ ಇದನ್ನು ಎಳೆದು ಹಿಡಿದಿರುತ್ತಾರೆಂದೇ ಅರ್ಥ. ಹೈಸ್ಕೂಲಿನ ಹುಡುಗರಲ್ಲಿ ಧ್ವನಿ ಒಡೆಯುವುದು ಪೆಟ್ಟಿಗೆ ದಿಢೀರನೆ ಬೆಳೆದು ಮಡಿಕೆಗಳು ಉದ್ದವಾಗಿ ದಪ್ಪವಾಗುವುದರಿಂದ. ಸ್ವರ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಆ ಹುಡುಗರನ್ನು ಪ್ರಾರ್ಥನೆಗೆ ನಿಲ್ಲಿಸಿ ನಗಬೇಡಿ. ಹದಿನೆಂಟು ದಾಟಿದರೂ ಸ್ವರ ಇಳಿಯದ ಹುಡುಗರಿರುತ್ತಾರೆ, ಅವರಿಗೆ ಹೆಚ್ಚಾಗಿ ಕೆಲವು ವಾರಗಳ ಧ್ವನಿ ಅಭ್ಯಾಸದಲ್ಲೇ ಸರಿಹೋಗುತ್ತದೆ; ನಾಚಿಕೆಯಿಂದ ಬಾಯಿ ಮುಚ್ಚಿ ಕೂರುವ ಅಗತ್ಯವಿಲ್ಲ.

ತಂತು ಬದಲಾದರೆ ಮನುಷ್ಯನ ಗುರುತೇ ಬದಲಾಗುತ್ತದೆ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. 1940ರ ದಶಕದಲ್ಲಿ ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಂಡುದನಿಯಷ್ಟು ಆಳಕ್ಕಿಳಿಯಿತು. ಅವರು ಹಳೆಯ ದನಿಯನ್ನು ಬೆನ್ನಟ್ಟಿ ಗಂಟಲು ಹಿಂಡಿಕೊಳ್ಳಲಿಲ್ಲ. ಸಿಕ್ಕಿದ ದನಿಯಲ್ಲೇ ಕಿರಾಣಾ ಘರಾನೆಯ ವಿಸ್ತಾರ ಕಟ್ಟಿದರು. ಇವತ್ತು ನಮಗೆ ಗೊತ್ತಿರುವ ಗಂಗೂಬಾಯಿ ಆ ಎರಡನೆಯ ದನಿಯೇ.

ಜೋರಿನ ಲೆಕ್ಕ ಬೇರೆ. ಅದಕ್ಕೆ ಬೇಕಾದದ್ದು ಕೆಳಗಿನಿಂದ ಹದವಾದ ಉಸಿರು, ಮೇಲೆ ತೆರೆದ ಬಾಯಿ. ಎಷ್ಟು ಉಸಿರು? ಲೋಟದ ನೀರಿನಲ್ಲಿ ಸ್ಟ್ರಾವನ್ನು ಏಳೆಂಟು ಸೆಂಟಿಮೀಟರ್ ಮುಳುಗಿಸಿ ಊದಿ, ಗುಳ್ಳೆ ಏಳಿಸಿ. ಅಷ್ಟೇ ಒತ್ತಡ ಸಾಕು ಮಾಮೂಲಿ ಮಾತಿಗೆ. ಅಳತೆಯಲ್ಲಿ 5ರಿಂದ 10 ಸೆಂಟಿಮೀಟರ್ ನೀರಿನ ಕಂಬ. ಇಷ್ಟು ಕಡಿಮೆಯೇ ಎಂದು ನನಗೂ ಅನ್ನಿಸಿತ್ತು. ಉಳಿದ ಕೆಲಸವೆಲ್ಲ ಬಾಯಿಯದು. ಒಂದೇ ಶ್ರುತಿಯಲ್ಲಿ "ಆ... ಈ... ಊ..." ಎಂದು ಬಿಡದೆ ಎಳೆಯಿರಿ. ಬೆರಳಿಗೆ ಮೂರೂ ಒಂದೇ ಅದುರು, ಕಿವಿಗೆ ಮೂರು ಅಕ್ಷರ. ಈಗ ಹಲ್ಲು ಕಚ್ಚಿಕೊಂಡು "ಎಲ್ಲರೂ ಪುಸ್ತಕ ತೆಗೀರಿ" ಅನ್ನಿ. ಆಮೇಲೆ ದವಡೆ ಸಡಿಲಬಿಟ್ಟು, ಎರಡು ಬೆರಳು ಹೋಗುವಷ್ಟು ಬಾಯಿ ತೆರೆದು ಅದನ್ನೇ ಅನ್ನಿ. ಗಂಟಲಿಗೆ ಒಂದು ಗುಲಗಂಜಿಯಷ್ಟೂ ಹೆಚ್ಚು ಕೆಲಸವಿಲ್ಲ, ದನಿ ಹಿಂದಿನ ಬೆಂಚಿಗೆ ಹೋಗಿರುತ್ತದೆ. ಕಹಳೆಗೆ ಬಾಯಗಲ ಇಟ್ಟವರು ಸುಮ್ಮನೆ ಇಟ್ಟಿಲ್ಲ.

ದಿನಕ್ಕೆ ಐದು ನಿಮಿಷದ ಸ್ಟ್ರಾ

ಇಡೀ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಲೋಟದಲ್ಲಿ ಅರ್ಧ ನೀರು. ಸ್ಟ್ರಾ ತುದಿ ಎರಡು ಮೂರು ಸೆಂಟಿಮೀಟರ್ ಮುಳುಗಿರಲಿ. ತುಟಿ ಸುತ್ತ ಗಾಳಿ ಸೋರಬಾರದು, ಮೂಗಿನಿಂದಲೂ ಹೋಗಬಾರದು. ಅನುಮಾನವಿದ್ದರೆ ಮೂಗು ಹಿಡಿದು ಪರೀಕ್ಷಿಸಿ. ಮೊದಲು ಬರೀ ಗುಳ್ಳೆ. ಕೊತಕೊತ ಅನ್ನಬಾರದು, ಸಣ್ಣ ಉರಿಯಲ್ಲಿ ಗಂಜಿ ಕುದಿಯುವಷ್ಟಿರಲಿ. ಆಮೇಲೆ ಅದೇ ಗುಳ್ಳೆಯ ಜೊತೆ ನಿಮ್ಮ ಮಾಮೂಲಿ ಮಾತಿನ ಎತ್ತರದಲ್ಲಿ "ಊ" ಸೇರಿಸಿ, ಒಂದು ಉಸಿರಿನಷ್ಟು. ಹತ್ತು ಸಲ. ನಂತರ ಸೈರನ್ನು: ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ, ಎಲ್ಲೂ ಗಂಟಲು ಬಿಗಿಯಬಾರದು. ಎತ್ತರ ಸಿಗದಿದ್ದರೆ ಅಟ್ಟಿಸಿಕೊಂಡು ಹೋಗಬೇಡಿ, ನಾಳೆ ಸಿಗುತ್ತದೆ. ಕೊನೆಗೆ ಯಾವುದಾದರೂ ಗೊತ್ತಿರುವ ಹಾಡಿನ ಧಾಟಿಯನ್ನು ಸ್ಟ್ರಾದಲ್ಲೇ ಹೇಳಿ. ತಲೆ ತಿರುಗಿದರೆ ನಿಲ್ಲಿಸಿ, ಜೋರಾಗಿ ಊದುತ್ತಿದ್ದೀರಿ ಎಂದು ಅರ್ಥ.

ಇದರಿಂದ ಆಗುವುದೇನು? ಬಾಯ ತುದಿ ಕಿರಿದಾದಾಗ ಗಾಳಿಯ ಒಂದಿಷ್ಟು ಒತ್ತಡ ಹಿಂದಕ್ಕೆ ನೂಕಿ ಮಡಿಕೆಗಳ ಮೇಲ್ಭಾಗಕ್ಕೆ ತಾಗುತ್ತದೆ. ಕೆಳಗಿಂದಲೂ ಒತ್ತಡ, ಮೇಲಿಂದಲೂ ಒತ್ತಡ. ಹಾಗಾಗಿ ಮಡಿಕೆಗಳು ಒಂದಕ್ಕೊಂದು ಬಡಿದುಕೊಳ್ಳದೆ ಮೆತ್ತಗೆ ತಾಗಿ ಅದುರುತ್ತವೆ, ಕಡಿಮೆ ಏಟಿನಲ್ಲಿ ಹೆಚ್ಚು ಸ್ವರ ಕೊಡುವುದನ್ನು ಗಂಟಲು ಕಲಿಯುತ್ತದೆ. ಧ್ವನಿ ವಿಜ್ಞಾನಿ ಇಂಗೋ ಟಿಟ್ಸೆ ಇದನ್ನು ಲೆಕ್ಕಾಚಾರ ಸಮೇತ ವಿವರಿಸಿ ಜನಪ್ರಿಯ ಮಾಡಿದರು. ಸ್ಟ್ರಾ ಇಲ್ಲದ ದಿನ ಬಸ್ಸಿನಾಟದ ತುಟಿ, ಇಲ್ಲವೇ ತುಟಿ ಮುಚ್ಚಿ "ಮ್‌ಮ್‌ಮ್" ಎನ್ನುವ ಗುನುಗು. ಗುನುಗುವಾಗ ಮೂಗಿನ ಬುಡ, ಮೇಲ್ದುಟಿ ಜುಮುಗುಟ್ಟಬೇಕು. ಗಂಟಲಲ್ಲಿ ಕೆರೆದಂತಾದರೆ ಸ್ವರ ಇನ್ನೂ ಅಲ್ಲೇ ಸಿಕ್ಕಿಕೊಂಡಿದೆ.

ನಾನು ಮಾಡುವುದು ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯುವ ಹೊತ್ತಿಗೆ ಒಮ್ಮೆ, ಸಂಜೆ ಶಾಲೆಯಿಂದ ಬಂದು ಒಮ್ಮೆ. ಮನೆಯವರು ಮೊದಮೊದಲು ನಕ್ಕರು. ಈಗ ನನ್ನ ಹೆಂಡತಿ ಶ್ರುತಿ ತಪ್ಪಿದರೆ ಅಡುಗೆಮನೆಯಿಂದಲೇ ಹೇಳುತ್ತಾಳೆ.

ತರಗತಿಯಲ್ಲಿ, ಅಂಗಡಿಯಲ್ಲಿ, ಅಂಗಳದಲ್ಲಿ

ಸದ್ದಿನ ಮೇಲೆ ಸದ್ದು ಹಾಕಬೇಡಿ. ಸುತ್ತ ಗಲಾಟೆಯಿದ್ದರೆ ನಮಗೆ ಅರಿವಿಲ್ಲದೆಯೇ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲೇ ಗುರುತಿಸಿದ ಸಂಗತಿ ಇದು. ಮೇಷ್ಟ್ರು ಏರಿಸಿದರೆ ಮಕ್ಕಳೂ ಏರಿಸುತ್ತಾರೆ, ಅವರು ಏರಿಸಿದರೆ ಮೇಷ್ಟ್ರು ಮತ್ತೆ. ನಾನೀಗ ಡಸ್ಟರಿನಿಂದ ಮೇಜು ಕುಟ್ಟುತ್ತೇನೆ ಅಥವಾ ಚಪ್ಪಾಳೆಯ ಒಂದು ತಾಳ ಹಾಕುತ್ತೇನೆ, ಮಕ್ಕಳು ಅದನ್ನು ಮುಗಿಸುತ್ತಾರೆ, ಆಮೇಲೆ ಮಾತು. ಶೀಟಿನ ಮೇಲೆ ಮಳೆ ಜೋರಾದರೆ ಬರೆಸುವ ಕೆಲಸ ಕೊಡುತ್ತೇನೆ. ಮಳೆಯ ಜೊತೆ ಪಂದ್ಯ ಕಟ್ಟಿ ಗೆದ್ದವರಿಲ್ಲ. ಕೊರಳಿಗೆ ನೇತುಹಾಕುವ ಸಣ್ಣ ಮೈಕು ಸಿಗುತ್ತದೆ. ಹಿರಿಯ ಸಹೋದ್ಯೋಗಿಗಳು "ಇದೇನ್ ಸಂತೆ ಮೈಕು" ಎಂದು ಛೇಡಿಸಿದರೂ ಕೊಂಡುಕೊಳ್ಳಿ.

"ಏಯ್!" ಎಂಬ ಕೂಗನ್ನು ಬಿಡಿ. ಸ್ವರಾಕ್ಷರದಿಂದ ಶುರುವಾಗುವ ಮಾತನ್ನು ಸಿಟ್ಟಿನಲ್ಲಿ ಹೇಳಿದಾಗ ಮಡಿಕೆಗಳು ಮೊದಲು ಬಿಗಿಯಾಗಿ ಮುಚ್ಚಿ, ಆಮೇಲೆ ಸಿಡಿದು ತೆರೆಯುತ್ತವೆ. ನಮ್ಮ ಆಡುಮಾತಿನಲ್ಲಿ ಇದಕ್ಕೊಂದು ಮದ್ದು ತಾನಾಗಿಯೇ ಇದೆ: 'ಏನು' ಎನ್ನುವುದನ್ನು 'ಯೇನು' ಎಂದೂ 'ಒಂದು' ಎನ್ನುವುದನ್ನು 'ವೊಂದು' ಎಂದೂ ಜಾರಿಸಿ ಹೇಳುತ್ತೇವೆ. ಶುದ್ಧ ಉಚ್ಚಾರದ ಹೆಸರಿನಲ್ಲಿ ವರ್ಷಗಟ್ಟಲೆ ಇದನ್ನು ತಿದ್ದಿದವನು ನಾನು. ಗಂಟಲಿನ ದೃಷ್ಟಿಯಿಂದ ಮಕ್ಕಳೇ ಸರಿ ಇದ್ದರು.

ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಚಟ ಎಲ್ಲಕ್ಕಿಂತ ಕೆಟ್ಟದ್ದು. ಪ್ರತಿ ಕ್ಯಾಕರಿಕೆಯೂ ಮಡಿಕೆಗಳನ್ನು ಉಜ್ಜುತ್ತದೆ; ಉಜ್ಜಿದ ಜಾಗಕ್ಕೆ ಕಫ ಇನ್ನಷ್ಟು ಬರುತ್ತದೆ; ಮತ್ತೆ ಕ್ಯಾಕರಿಸಬೇಕೆನಿಸುತ್ತದೆ. ಬದಲಿಗೆ ಒಂದು ಗುಟುಕು ನೀರು, ಅದಿಲ್ಲದಿದ್ದರೆ ಒಮ್ಮೆ ಉಗುಳು ನುಂಗಿ "ಮ್‌ಮ್" ಎನ್ನಿ.

ನೀರಿನ ವಿಷಯ. ಕುಡಿದ ನೀರು ತಂತುಗಳನ್ನು ಮುಟ್ಟುವುದೇ ಇಲ್ಲ, ಮುಟ್ಟಿದರೆ ನೆತ್ತಿಗೇರುತ್ತದೆ. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಆಮೇಲೆ ಮಡಿಕೆಗಳ ಮೇಲಿನ ಒದ್ದೆಯಾಗಬೇಕು. ಹಾಗಾಗಿ ಹತ್ತು ಗಂಟೆಯ ಪಾಠಕ್ಕೆ ಹತ್ತಕ್ಕೆ ಐದು ನಿಮಿಷವಿರುವಾಗ ಬಾಟಲಿ ಬರಿದು ಮಾಡಿದರೆ ಉಪಯೋಗವಿಲ್ಲ, ಎದ್ದಾಗಿನಿಂದ ಗುಟುಕು ಗುಟುಕಾಗಿ ಕುಡಿಯಬೇಕು. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ಅನೇಕ ಶಿಕ್ಷಕಿಯರು ನೀರನ್ನೇ ಕುಡಿಯುವುದಿಲ್ಲ. ಗಂಟಲಿನ ಕಾಯಿಲೆಗೆ ಅದೂ ಒಂದು ಬೇರು ಎಂದು ಯಾರಾದರೂ ಬರೆದು ಹಾಕಬೇಕು.

ಸ್ವರ ಬಿದ್ದಾಗ

ನೆಗಡಿ ಜ್ವರದ ಜೊತೆ ಸ್ವರ ಬಿದ್ದರೆ ಮಡಿಕೆಗಳು ಊದಿಕೊಂಡಿವೆ. ಎರಡು ಮೂರು ದಿನ ಆದಷ್ಟು ಮೌನ. ಪಿಸುಮಾತು ಮೌನವಲ್ಲ: ಕೇಳಿಸುವಂತೆ ಪಿಸುಗುಟ್ಟುವಾಗ ಬಹಳಷ್ಟು ಜನ ಗಂಟಲನ್ನು ಇನ್ನಷ್ಟು ಹಿಂಡುತ್ತಾರೆ. ಹೇಳಲೇಬೇಕಿದ್ದರೆ ಹತ್ತಿರ ಹೋಗಿ ಮೆತ್ತನೆಯ ಸ್ವರದಲ್ಲಿ ಹೇಳಿ, ಇಲ್ಲವೇ ಬರೆದು ತೋರಿಸಿ.

ಉಪ್ಪುನೀರು ಮುಕ್ಕಳಿಸಿದರೆ ಗಂಟಲ ಮೇಲ್ಭಾಗಕ್ಕೆ ಹಿತ, ತಂತುಗಳವರೆಗೆ ಅದು ಇಳಿಯುವುದಿಲ್ಲ. ಜ್ಯೇಷ್ಠಮಧು, ಶುಂಠಿ ಕಷಾಯ, ಕಲ್ಲುಸಕ್ಕರೆಯದೂ ಅದೇ ಕತೆ. ಬಾಯಲ್ಲಿ ನೀರೂರಿ ಕೆರೆತ ತಗ್ಗುತ್ತದೆ, ತಪ್ಪೇನಿಲ್ಲ. ನೇರವಾಗಿ ಮಡಿಕೆಗಳನ್ನು ತಲುಪುವುದು ಉಸಿರಿನ ಜೊತೆ ಹೋಗುವುದು ಮಾತ್ರ. ಬರೀ ಬಿಸಿನೀರಿನ ಹಬೆ ಅದರಲ್ಲಿ ಒಳ್ಳೆಯದು, ಬೀಡಿ ಸಿಗರೇಟಿನ ಹೊಗೆ ಅದರಲ್ಲಿ ಕೆಟ್ಟದ್ದು. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರಿಗೂ ಸ್ವರ ಗೊಗ್ಗರಾಗಬಹುದು; ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ನೀವಾಗಿ ಔಷಧ ನಿಲ್ಲಿಸಬೇಡಿ. ರಾತ್ರಿ ಹತ್ತಕ್ಕೆ ಉಂಡು ಹತ್ತೂಕಾಲಿಗೆ ಮಲಗುವವರಿಗೆ ಬೆಳಿಗ್ಗೆ ಹುಳಿ ತೇಗು, ಒಡೆದ ಸ್ವರ ಇದ್ದರೆ ಹೊಟ್ಟೆಯ ಆಮ್ಲ ಮೇಲೆ ಬರುತ್ತಿರಬಹುದು. ಊಟವನ್ನು ಮೂರು ಗಂಟೆ ಹಿಂದಕ್ಕೆ ಸರಿಸಿ ನೋಡಿ.

ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ನಾನು ಆರು ವಾರ ಕಾದದ್ದು ದಡ್ಡತನ. ಹೊಗೆಸೊಪ್ಪು, ಗುಟ್ಕಾ, ಬೀಡಿ ಅಭ್ಯಾಸವಿದ್ದವರು ಅಷ್ಟೂ ಕಾಯಬಾರದು. ಧ್ವನಿತಂತಿನ ಕ್ಯಾನ್ಸರಿನಲ್ಲಿ ಸ್ವರ ಮೊದಮೊದಲೇ ಕೆಡುತ್ತದೆ, ಹಾಗಾಗಿ ಬೇಗ ಹೋದವರಿಗೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಉಸಿರಾಡುವಾಗ ಸೀಟಿಯಂತೆ ಸದ್ದು, ಕಫದಲ್ಲಿ ರಕ್ತ, ನುಂಗಲು ಕಷ್ಟ, ಕತ್ತಿನಲ್ಲಿ ಗಡ್ಡೆ ಇದ್ದರೆ ಅಂದೇ ಹೊರಡಿ. ನೆಗಡಿಯೂ ಇಲ್ಲ, ಕೂಗಿದ್ದೂ ಇಲ್ಲ, ಆದರೂ ಒಮ್ಮೆಲೇ ಗಾಳಿ ಸೋರುವ ಸ್ವರ ಬಂದರೆ ವೈದ್ಯರು ಎದೆಯ ಚಿತ್ರ ತೆಗೆಸಲು ಹೇಳಬಹುದು. ಗಂಟಲಿಗೂ ಎದೆಗೂ ಏನು ಸಂಬಂಧ ಎಂದು ಜಗಳಕ್ಕಿಳಿಯಬೇಡಿ: ಎಡ ತಂತುವಿನ ನರ ಮೆದುಳಿನಿಂದ ನೇರ ಗಂಟಲಿಗೆ ಬರದೆ, ಎದೆಗಿಳಿದು, ಹೃದಯದ ಮಹಾಧಮನಿಯನ್ನು ಬಳಸಿ ಮತ್ತೆ ಮೇಲೆ ಹತ್ತುತ್ತದೆ. ದಾರಿಯಲ್ಲಿ ಎಲ್ಲಿ ಒತ್ತಿದರೂ ಸ್ವರ ಕೆಡುತ್ತದೆ.

ಗಂಟಿಗೆ ಮೊದಲ ಚಿಕಿತ್ಸೆ ಕತ್ತರಿಯಲ್ಲ, ಧ್ವನಿ ಅಭ್ಯಾಸ. ಅದನ್ನು ಹೇಳಿಕೊಡುವವರು ವಾಕ್ ಚಿಕಿತ್ಸಕರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ. ಊರವರ ಬಾಯಲ್ಲಿ ಆಯಿಷ್. ದೊಡ್ಡ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ವಿಚಾರಿಸಿ.

ಪರೀಕ್ಷೆಗೆ ಹೆದರಬೇಕಿಲ್ಲ. ನಾಲಿಗೆ ಚಾಚಿಸಿ, ಬಟ್ಟೆಯಲ್ಲಿ ಹಿಡಿದು, ಪೆನ್ನಿನಷ್ಟು ದಪ್ಪದ ಕ್ಯಾಮೆರಾ ಕೋಲನ್ನು ಬಾಯೊಳಗೆ ಬಿಟ್ಟು "ಈ ಅನ್ನಿ" ಎನ್ನುತ್ತಾರೆ. ಈ ಎಂದಾಗ ನಾಲಿಗೆಯ ಬುಡ ಮುಂದೆ ಸರಿದು ದಾರಿ ಬಿಡುತ್ತದೆ, ಅದಕ್ಕೇ ಆ ಅಕ್ಷರ. ವಾಕರಿಕೆ ಬಂದರೆ ಮೂಗಿನಿಂದ ಬಾಗುವ ಸಣ್ಣ ನಳಿಗೆ. ಸೆಕೆಂಡಿಗೆ ನೂರಾರು ಸಲ ಅದುರುವುದು ಕಣ್ಣಿಗೆ ಕಾಣದು. ಅದುರಿಗಿಂತ ಕೂದಲೆಳೆ ಹಿಂದುಮುಂದಾಗಿ ಬೆಳಕನ್ನು ಮಿಣುಕಿಸಿ ಅದನ್ನು ನಿಧಾನವಾಗಿ ತೋರಿಸುವ ಯಂತ್ರವಿದೆ, ಹೆಸರು ಸ್ಟ್ರೋಬೋಸ್ಕೋಪ್.

ನನ್ನವನ್ನು ಮೊದಲು ನೋಡಿದ್ದು ಅದರ ಪರದೆಯಲ್ಲೇ. ಬಸಳೆ ಎಲೆಯಂತೆ ಹೊಳೆಯುವ ಒದ್ದೆ ಕೆಂಪಿನ ನಡುವೆ ಎರಡು ಬಿಳಿ ಪಟ್ಟಿಗಳು. ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಹೆಚ್ಚು ಏಟು ಬೀಳುವ ಜಾಗದಲ್ಲಿ, ಎರಡರ ಮೇಲೂ ಎದುರುಬದುರಾಗಿ ಒಂದೊಂದು ಸಾಸಿವೆ ಕಾಳಿನಷ್ಟು ಉಬ್ಬು. ಅವು ಒಂದಕ್ಕೊಂದು ತಾಗಿದ ಕಡೆ ಪಟ್ಟಿಗಳು ಕೂಡುತ್ತಿದ್ದವು, ಅದರ ಹಿಂದೆ ಮುಂದೆ ಸಂದು ಉಳಿದು ಗಾಳಿ ಸೋರುತ್ತಿತ್ತು. ನಾಲ್ಕು ತಿಂಗಳು ಸ್ಟ್ರಾ, ಮೈಕು, ಡಸ್ಟರು. ಮತ್ತೆ ಹೋದಾಗ ವೈದ್ಯರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ಬಲಗಡೆಯದು ಪೂರ್ತಿ ಹೋಗಿತ್ತು. ಎಡಗಡೆ ಹುಡುಕಿದರೆ ಸಿಗುವಷ್ಟು ಒಂದು ಮಬ್ಬು. "ಪಾಠ ಶುರು ಮಾಡಿ, ಕೂಗಬೇಡಿ" ಅಂದರು. ಸೋಮವಾರ ಮೂರನೇ ಪೀರಿಯಡ್ಡು, ಅದೇ ಷಟ್ಪದಿ. ನಾಲ್ಕನೇ ಸಾಲಿನಿಂದ ಶುರು ಮಾಡಿದೆ.